ಕೋಲಾರ ಸೀಮೆಯ ಗಡಸು ನೀರು ಮತ್ತು ಮೋಟಾರು ಗಾಡಿಯ ಶೀತಕದ್ರವ

ಮೋಟಾರು ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಾಖದಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಮಾತ್ರ ಗಾಡಿಯನ್ನು ನಡೆಸುವ ಕೆಲಸಕ್ಕೆ ಸಲ್ಲುತ್ತದೆ. ಹೊಗೆಯೊಡನೆ ಹೊರಬೀಳುವುದನ್ನು ಕಳೆದರೆ, ಉಳಿದುದರ ಬಹುಭಾಗವನ್ನು ಎಂಜಿನ್ನಿನ ಗೋಡೆಗಳಿಂದ ರೇಡಿಯೇಟರಿಗೆ ಸಾಗಿಸುವ ಹೊಣೆ ಶೀತಕದ್ರವದ್ದು. ರೂಢಿಯಲ್ಲಿ ಇದನ್ನೇ ಕೂಲೆಂಟ್ ಎನ್ನುತ್ತೇವೆ. ಹಿಮ ಬೀಳದ ನಾಡಿನಲ್ಲಿ, ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು ಹಣ ಕೊಟ್ಟು ಕೊಳ್ಳಬೇಕೆ, ಬಾವಿಯ ನೀರೇ ಸಾಲದೆ ಎಂಬ ಪ್ರಶ್ನೆ ಸಹಜವಾದುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮಟ್ಟಿಗೆ ಇದರ ಉತ್ತರ ಆ ನೀರಿನಲ್ಲಿಯೇ ಅಡಗಿದೆ.

ಈ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಕೊಳವೆಬಾವಿಗಳು ಬಂಡೆಯ ಬಿರುಕುಗಳಿಂದ ಎತ್ತುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನೂ ಹಲವೆಡೆ ಫ್ಲೋರೈಡನ್ನೂ ಕರಗಿಸಿಕೊಂಡಿರುತ್ತದೆ. ಬಚ್ಚಲಮನೆಯ ಹಂಡೆಯ ಒಳಗೆ ಕಟ್ಟುವ ಬಿಳಿಯ ಗಾರೆಯನ್ನು ಕಾಣದವರಾರು? ಅದೇ ಗಾರೆ ಎಂಜಿನ್ನಿನಲ್ಲಿಯೂ ಕಟ್ಟುತ್ತದೆ. ಅದೂ ಅತ್ಯಂತ ಬಿಸಿಯಾದ ಗೋಡೆಗಳ ಮೇಲೆಯೇ, ಎಂದರೆ ಶೀತನವು ಹೆಚ್ಚು ಅಗತ್ಯವಾದೆಡೆಯಲ್ಲಿಯೇ. ಗಾರೆ ಶಾಖವಾಹಕವಲ್ಲವಷ್ಟೆ. ಉಷ್ಣತೆಯನ್ನು ತೋರಿಸುವ ಮುಳ್ಳು ದ್ರವದ ಬಿಸಿಯನ್ನು ಅಳೆಯುತ್ತದೆಯೇ ಹೊರತು ಲೋಹದ ಬಿಸಿಯನ್ನಲ್ಲ. ಆದಕಾರಣ ಮುಳ್ಳು ಏರುವ ಮೊದಲೇ ಸಿಲಿಂಡರ್ ಹೆಡ್ ಡೊಂಕಾಗುವುದೂ ಉಂಟು. ಚೈತ್ರ ವೈಶಾಖದ ಬಿಸಿಲಿನಲ್ಲಿ ಟೊಮೇಟೊ ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಟ ಸಣ್ಣ ಗಾಡಿಯ ಒಡೆಯನಿಗೆ ಇದು ಒಂದು ದಿನದ ಬಾಡಿಗೆಯ ನಷ್ಟವಷ್ಟೇ ಅಲ್ಲ, ಎಂಜಿನ್ನನ್ನೇ ಬಿಚ್ಚುವ ಖರ್ಚು.

ನೆಲದ ಎತ್ತರವನ್ನೂ ಗಮನಿಸಬೇಕು. ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿರುವ ಕೋಲಾರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎಥಿಲೀನ್ ಗ್ಲೈಕಾಲನ್ನು ಸಮಪಾಲಾಗಿ ಬೆರೆಸಿದರೆ ಕುದಿಬಿಂದು ಏಳೆಂಟು ಡಿಗ್ರಿ ಏರುತ್ತದೆ. ಮುಚ್ಚಳದ ಒತ್ತಡವೂ ಸೇರಿದರೆ 120ನ್ನು ದಾಟುತ್ತದೆ. ಆದರೂ ಗ್ಲೈಕಾಲಿಗಿಂತ ಅದರಲ್ಲಿ ಕರಗಿಸಿರುವ ತುಕ್ಕುನಿರೋಧಕ ಲವಣಗಳೇ ನಮ್ಮ ಸೀಮೆಗೆ ಹೆಚ್ಚು ಬೇಕಾದುವೆಂದು ನಾವು ಭಾವಿಸುತ್ತೇವೆ. ಗಡಸು ನೀರು ಇವನ್ನೂ ಕೆಡಿಸುತ್ತದೆ. ನಿರೋಧಕವು ಫಾಸ್ಫೇಟ್ ಆಗಿದ್ದರೆ ಅದು ಕ್ಯಾಲ್ಸಿಯಂನೊಡನೆ ಕೂಡಿ ಗಷ್ಟಾಗಿ ಕೆಳಗಿಳಿಯುತ್ತದೆ.

ಆದುದರಿಂದ ಬೆರೆಸಿಯೇ ಮಾರುವ ದ್ರವವನ್ನು ಕೊಳ್ಳುವುದು ಕ್ಷೇಮ. ಇಲ್ಲವೆ ಬಟ್ಟಿಯಿಳಿಸಿದ ನೀರನ್ನು ಬೆರೆಸಬೇಕು. ಹಳ್ಳಿಯ ಶುದ್ಧ ನೀರಿನ ಘಟಕದ ನೀರು ಕೊಳವೆಬಾವಿಯ ನೀರಿಗಿಂತ ಮೇಲು, ಆದರೆ ಪೂರ್ತಿ ಲವಣರಹಿತವಲ್ಲ. ಬಣ್ಣವನ್ನು ನೋಡಿ ದ್ರವವನ್ನು ಆರಿಸತಕ್ಕದ್ದಲ್ಲ. ಹಸುರು, ಕೆಂಪು, ನೀಲಿಗಳು ತಯಾರಕರ ಇಚ್ಛೆಯಷ್ಟೆ. ಗಾಡಿಯ ಕೈಪಿಡಿಯು ಹೇಳುವ ಬಗೆಯನ್ನೇ ತುಂಬಿ, ಅದು ಹೇಳುವ ಅವಧಿಗೆ ಬದಲಿಸಬೇಕು. ಹಳೆಯ ಬಗೆಯವು ಸುಮಾರು ಎರಡು ವರ್ಷ, ಸಾವಯವ ಆಮ್ಲದ ಬಗೆಯವು ಐದು ವರ್ಷದವರೆಗೆ ಬಾಳುತ್ತವೆ. ದಾರಿಯಲ್ಲಿ ಅನಿವಾರ್ಯವಾಗಿ ಪಂಪಿನ ನೀರು ಸುರಿದಿದ್ದರೆ, ಊರು ಸೇರಿದ ಮೇಲೆ ಅದನ್ನು ಹೊರಬಿಟ್ಟು ಹೊಸದನ್ನು ತುಂಬುವುದು ಲೇಸು. ಎಂಜಿನ್ ಆರುವವರೆಗೆ ಮುಚ್ಚಳವನ್ನು ಮುಟ್ಟಲೇಬಾರದು.

ಹೊರಬಿಟ್ಟ ದ್ರವವನ್ನು ಚರಂಡಿಗಾಗಲಿ ಬಯಲಿಗಾಗಲಿ ಚೆಲ್ಲಬಾರದು. ಗ್ಲೈಕಾಲ್ ಸಿಹಿಯಾದ ವಿಷ. ನಾಯಿಯೂ ದನಕರುಗಳೂ ಅದನ್ನು ನೆಕ್ಕಿದರೆ ಮೂತ್ರಪಿಂಡಗಳು ಕೆಟ್ಟು ಸಾಯುವ ಸಂಭವವುಂಟು; ಹಿತ್ತಿಲಲ್ಲಿ ಹಸು ಕಟ್ಟಿರುವ ಮನೆಯವರು ಅದನ್ನು ಮುಚ್ಚಿದ ಡಬ್ಬಿಯಲ್ಲಿ ಹಿಡಿದು ವರ್ಕ್‌ಷಾಪಿಗೆ ಒಪ್ಪಿಸತಕ್ಕದ್ದು.