ಚಂದದ ವಾರ್ಡು ಶ್ರೀಮಂತರಿಗೆ ಮಾತ್ರವೇ?

ಊರಿನ ಬಡ ರೋಗಿಗಳಿಗೆ ಡಯಾಲಿಸಿಸ್ ಯಂತ್ರ ಬೇಕು ಅಂದರೆ ನಮ್ಮ ಜಮಾಅತ್‌ಗಳು ಹಿಂದೆ ಮುಂದೆ ನೋಡುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುದ್ದಿ ಹೋದರೆ ದಮ್ಮಾಮ್, ದುಬೈಯಿಂದಲೂ ಹಣ ಬರುತ್ತದೆ. ಇದು ನಾವು ಹೆಮ್ಮೆಪಡಬೇಕಾದ ಸಂಗತಿ. ಆದರೆ ಆ ಯಂತ್ರ ಇಡುವ ಕೋಣೆ ಹೇಗಿದೆ, ಅದಕ್ಕೊಂದು ಕಿಟಕಿ ಇದೆಯೇ ಅಂತ ನಾವು ಕೇಳುವುದು ಕಡಿಮೆ. ಕೇಳಿದರೂ, ‘ಚಿಕಿತ್ಸೆ ಸಿಕ್ಕಿದರೆ ಸಾಕಲ್ವಾ, ಆಸ್ಪತ್ರೆಗೆ ಚಂದ ಯಾಕೆ?’ ಎಂಬ ಉತ್ತರ ಬರುತ್ತದೆ.

ಸಾಕೇ? ಡಯಾಲಿಸಿಸ್ ರೋಗಿ ಒಂದು ಸಲ ಮಲಗಿದರೆ ಸುಮಾರು 4 ಗಂಟೆ. ವಾರಕ್ಕೆ ಮೂರು ಸಲವಾದರೆ ವರ್ಷಕ್ಕೆ 600 ಗಂಟೆಗೂ ಹೆಚ್ಚು. ಅಷ್ಟು ಹೊತ್ತೂ ಕಣ್ಣಿಗೆ ಕುಕ್ಕುವ ಟ್ಯೂಬ್‌ಲೈಟು, ಬಣ್ಣ ಕಿತ್ತುಹೋದ ಗೋಡೆ ನೋಡುತ್ತಾ ಇರುವುದು ಕೂಡ ಒಂದು ನೋವೇ.

ಇದು ಬರೀ ಭಾವನೆಯ ಮಾತಲ್ಲ. ಅಮೆರಿಕದ ರೋಜರ್ ಅಲ್ರಿಚ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ರೋಗಿಗಳ ದಾಖಲೆ ಅದು. ಅರ್ಧದಷ್ಟು ಮಂದಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಪ್ರಬಲ ನೋವುನಿವಾರಕಗಳೂ ಕಡಿಮೆ ಸಾಕಾದವು. ಸಣ್ಣ ಅಧ್ಯಯನ, ನಿಜ. ಆದರೆ ಆಸ್ಪತ್ರೆ ಕಟ್ಟುವವರು ಯೋಚಿಸುವ ರೀತಿಯನ್ನೇ ಅದು ಬದಲಿಸಿತು. ಅದಕ್ಕೂ ಮೊದಲೇ, 1933ರಲ್ಲಿ, ಫಿನ್‌ಲ್ಯಾಂಡಿನ ಪೈಮಿಯೊದಲ್ಲಿ ಕ್ಷಯ ರೋಗಿಗಳ ಆಸ್ಪತ್ರೆ ಕಟ್ಟಿದ ಆಲ್ವಾರ್ ಆಲ್ಟೊ, ಮಲಗಿದವರ ಕಣ್ಣಿನಿಂದಲೇ ಕೋಣೆಯನ್ನು ನೋಡಿದ್ದರು. ಛಾವಣಿಗೆ ತಂಪಾದ ಹಸಿರು ಬಣ್ಣ, ಕಣ್ಣಿಗೆ ನೇರ ಬೀಳದ ದೀಪ, ನೀರು ಬಿದ್ದರೆ ಸದ್ದಾಗದ ಬೇಸಿನ್.

ನಮಗಂತೂ ಈ ವಿಚಾರ ಹೊಸತಾಗಬಾರದು. 1284ರ ಸುಮಾರಿಗೆ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ನೀರಿನ ಕಾರಂಜಿಗಳಿದ್ದವು, ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಚಿಕಿತ್ಸೆ ಉಚಿತವಿತ್ತು. ಟರ್ಕಿಯ ಎಡಿರ್ನೆಯಲ್ಲಿ ಸುಲ್ತಾನ್ ಎರಡನೇ ಬಾಯಜೀದ್ ಕಟ್ಟಿಸಿ 1488ರಲ್ಲಿ ಮುಗಿದ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೆ ಔಷಧದ ಜೊತೆ ನೀರಿನ ಸದ್ದು, ಹೂವಿನ ಪರಿಮಳ, ಸಂಗೀತವೂ ಇತ್ತೆಂದು ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿಟ್ಟಿದ್ದಾರೆ. ಇವೆಲ್ಲ ನಡೆದದ್ದು ವಕ್ಫ್ ಆದಾಯದಿಂದ. ಅಂದರೆ ದಾನದ ಹಣದಲ್ಲಿ ಸೌಂದರ್ಯಕ್ಕೂ ಪಾಲಿತ್ತು.

ಈಗ ಏನಾಗಿದೆ? ಹಣ ಕೊಡುವವರಿಗೆ ಅಮೃತಶಿಲೆಯ ಲಾಬಿ, ಹೂಕುಂಡ, ಸ್ಪೆಷಲ್ ರೂಮು. ಜನರಲ್ ವಾರ್ಡಿನವರಿಗೆ ಎರಡು ಮಂಚದ ನಡುವೆ ಒಂದು ಪರದೆಯೂ ಇಲ್ಲದ ಸ್ಥಿತಿ. ಪರದೆ ಇಲ್ಲದ ಕಡೆ ನಮ್ಮ ಉಮ್ಮಂದಿರು ನೋವು ನುಂಗಿಕೊಂಡು ಸೆರಗು ಸರಿಮಾಡುತ್ತಾ ಮಲಗಿರುತ್ತಾರೆ. ಚಂದವೆಂದರೆ ಆಡಂಬರ ಅಲ್ಲ, ಅದು ಮಾನ ಕಾಪಾಡುವ ವಿಚಾರವೂ ಹೌದು. ಒಳ್ಳೆಯ ಬಟ್ಟೆ, ಚಪ್ಪಲಿಗೆ ಆಸೆಪಡುವುದು ಅಹಂಕಾರವೇ ಎಂಬ ಪ್ರಶ್ನೆ ಬಂದಾಗ ಪ್ರವಾದಿಯವರು (ಸ) ಅಲ್ಲವೆಂದರು. ಅಲ್ಲಾಹನು ಸೌಂದರ್ಯವನ್ನು ಮೆಚ್ಚುತ್ತಾನೆ, ಸತ್ಯವನ್ನು ನಿರಾಕರಿಸುವುದು, ಜನರನ್ನು ಕೀಳಾಗಿ ಕಾಣುವುದೇ ಅಹಂಕಾರ ಎಂದು ಕಲಿಸಿದರು. ಬಡವನಿಗೆ ಚಂದ ಬೇಡ ಅನ್ನುವಾಗ ನಾವು ಈ ಮಾತನ್ನು ನೆನಪಿಡಬೇಕು.

ಕಿಟಕಿ ಔಷಧಕ್ಕೆ ಬದಲಿಯಲ್ಲ, ಒಳ್ಳೆಯ ಬಣ್ಣದಿಂದ ಕಿಡ್ನಿ ಸರಿಹೋಗುವುದೂ ಇಲ್ಲ. ಆದರೆ ಮಂಚವನ್ನು ಕಿಟಕಿಯ ಕಡೆ ತಿರುಗಿಸಲು, ದೀಪಕ್ಕೊಂದು ಮರೆ ಹಾಕಲು, ಶುಭ್ರವಾದ ಪರದೆ ತೂಗಲು, ಅಂಗಳದಲ್ಲಿ ನಾಲ್ಕು ಗಿಡ ನೆಡಲು ಲಕ್ಷಗಟ್ಟಲೆ ಬೇಡ. ಯಂತ್ರಕ್ಕೆ ಹಣ ಒಟ್ಟು ಮಾಡುವ ಸಮಿತಿಗಳು ಇದಕ್ಕೂ ಒಂದು ಸಣ್ಣ ಮೊತ್ತ ಎತ್ತಿಡಲಿ. ಹಣ ಕೊಡುವ ಮೊದಲು ಒಬ್ಬರಾದರೂ ಆ ಮಂಚದ ಮೇಲೆ ಐದು ನಿಮಿಷ ಮಲಗಿ ನೋಡಲಿ. ಏನು ಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.