ಬಚ್ಚಲಿನ ಹೊಗೆ ಈಗ ಎಲ್ಲಿಗೆ ಹೋಗುತ್ತಿದೆ?

'ಮಂಗಳೂರಲ್ಲಿ ಚಳಿ ಎಲ್ಲಿದೆ ಮಾರಾಯ್ರೆ?' ಅಂತ ಯಾರಾದರೂ ಕೇಳಿದರೆ ನಗುವುದು ಬಿಟ್ಟು ಬೇರೆ ದಾರಿ ಇಲ್ಲ. ಏಪ್ರಿಲ್‌ನಲ್ಲಿ ಬೆವರು, ಜುಲೈನಲ್ಲಿ ಮಳೆ, ಡಿಸೆಂಬರ್‌ನಲ್ಲಿ ಬೆಳಗ್ಗೆ ಒಂದೆರಡು ಗಂಟೆ ತಂಪು ಗಾಳಿ. ನಮ್ಮ ಚಳಿಗಾಲ ಅಂದರೆ ಅಷ್ಟೇ. ಮನೆ ಬೆಚ್ಚಗಿಡಲು ಹೀಟರ್ ಹಾಕುವ ಪ್ರಮೇಯವೇ ಇಲ್ಲಿ ಬರುವುದಿಲ್ಲ. ಆದರೂ ಬಿಸಿನೀರಿಲ್ಲದೆ ಸ್ನಾನ ಮಾಡುವ ಮನೆಗಳು ಈ ಊರಲ್ಲಿ ಎಷ್ಟು ಸಿಕ್ಕಾವು? ಮಳೆಯಲ್ಲಿ ನೆನೆದು ಬಂದವರಿಗೂ, ಸೆಕೆಯಲ್ಲಿ ಆಫೀಸ್ ಮುಗಿಸಿ ಬಂದವರಿಗೂ ಒಂದು ಬಕೆಟ್ ಬಿಸಿನೀರು ಬೇಕೇ ಬೇಕು.

ಹಾಗಾಗಿ ಬಾಡಿಗೆ ಫ್ಲ್ಯಾಟ್ ನೋಡಲು ಹೋದಾಗ ನಾವು ಕೇಳುವ ಮೊದಲ ನಾಲ್ಕು ಪ್ರಶ್ನೆಗಳಲ್ಲಿ 'ಗೀಸರ್ ಇದೆಯಾ?' ಅನ್ನುವುದೂ ಒಂದು. 'ಇದೆ' ಅಂದರೆ ಖುಷಿ, ಮಾತು ಅಲ್ಲಿಗೆ ಮುಗಿಯಿತು. ಅದು ಯಾವ ಗೀಸರ್, ಎಲ್ಲಿ ಕೂರಿಸಿದ್ದಾರೆ, ಕೂರಿಸಿದವರು ಯಾರು ಎಂದು ಕೇಳುವವರು ಕಡಿಮೆ. ಇವತ್ತಿನ ಮಾತು ಆ ಕೇಳದ ಪ್ರಶ್ನೆಗಳ ಬಗ್ಗೆ.

ಹಂಚಿನ ಸಂದಿಯಲ್ಲಿ ಹೋಗುತ್ತಿದ್ದ ಹೊಗೆ

ಅಜ್ಜಿ ಮನೆಯ ಬಚ್ಚಲು ನೆನಪಿದೆಯಲ್ವಾ? ಮೂಲೆಯಲ್ಲಿ ಮಣ್ಣಿನ ಒಲೆ, ಅದರ ಮೇಲೆ ಕೂತ ತಾಮ್ರದ ಹಂಡೆ. ಕೊಂಕಣಿ ಮನೆಗಳಲ್ಲಿ ಅದಕ್ಕೆ 'ಭಾಣ್' ಅನ್ನುತ್ತಾರೆ. ಒಲೆಗೆ ಒಣಗಿದ ತೆಂಗಿನ ಮಡಲು, ಸಿಪ್ಪೆ, ಅಡಿಕೆ ಹಾಳೆ. ದೀಪಾವಳಿಯ ಮುನ್ನಾ ರಾತ್ರಿ ಹಂಡೆ ತಿಕ್ಕಿ, ಬಳ್ಳಿ ಸುತ್ತಿ, ನೀರು ತುಂಬಿಸಿಟ್ಟು, ಮರುದಿನ ಬೆಳಕು ಹರಿಯುವ ಮೊದಲೇ ಎಣ್ಣೆ ಸ್ನಾನ. ತುಳುವಿನಲ್ಲಿ ಅದು 'ಮೀಪಿನ ಪರ್ಬ'. ಸ್ನಾನಕ್ಕೆ ಅಂತಲೇ ಒಂದು ಹಬ್ಬದ ಹೆಸರಿರುವ ಊರು ನಮ್ಮದು.

ಆ ಬಚ್ಚಲಿನಲ್ಲಿ ಹೊಗೆ ಕಣ್ಣು ಉರಿಸುತ್ತಿತ್ತು, ಗೋಡೆ ಮಸಿಯಾಗುತ್ತಿತ್ತು. ಆದರೂ ಹೊಗೆಗೆ ಹೊರಗೆ ಹೋಗಲು ದಾರಿ ಇತ್ತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯ ಮಾಡುಗಳ ಮೇಲೆ ಕೆಂಪು ಹಂಚು ಬಂತು. ಹಂಚನ್ನು ಒಂದಕ್ಕೊಂದು ಸಿಕ್ಕಿಸಿ ಜೋಡಿಸುತ್ತಾರೆ ವಿನಾ ಸಿಮೆಂಟ್ ಹಾಕಿ ಮುಚ್ಚುವುದಿಲ್ಲ. ಮಳೆ ನೀರು ಜಾರಿ ಹೋಗುತ್ತದೆ, ಸಂದಿಯಿಂದ ಗಾಳಿ ಆಡುತ್ತದೆ. ಎಷ್ಟೋ ಕಡೆ ಬಚ್ಚಲು ಮನೆಯಿಂದ ಸ್ವಲ್ಪ ಆಚೆಗೇ ಇರುತ್ತಿತ್ತು, ಗೋಡೆಗೂ ಮಾಡಿಗೂ ನಡುವೆ ಒಂದು ಗೇಣು ಖಾಲಿ. ಉರಿ ಇದ್ದಲ್ಲಿ ಹೊಗೆ, ಹೊಗೆ ಇದ್ದಲ್ಲಿ ಅದಕ್ಕೊಂದು ದಾರಿ. ಯಾರೂ ಪಾಠ ಹೇಳಿಕೊಡದೆ ಈ ಲೆಕ್ಕ ಆ ಕಟ್ಟಡದಲ್ಲೇ ಸೇರಿಕೊಂಡಿತ್ತು.

ಈಗಿನ ಫ್ಲ್ಯಾಟ್‌ನ ಬಚ್ಚಲು ಬೇರೆಯದೇ ಕಥೆ. ಮೇಲೆ ಕಾಂಕ್ರೀಟ್ ಸ್ಲ್ಯಾಬ್, ನಾಲ್ಕೂ ಕಡೆ ಟೈಲ್ಸ್, ಐದಡಿ-ಏಳಡಿ ಜಾಗ, ಒಂದು ಪುಟ್ಟ ವೆಂಟಿಲೇಟರ್. ಮಳೆ ಇರಚಲು ಬರುತ್ತದೆ, ಸೊಳ್ಳೆ ಬರುತ್ತದೆ ಅಂತ ಅದನ್ನೂ ಗಾಜು ಹಾಕಿ ಮುಚ್ಚಿರುತ್ತಾರೆ. ಅಂಥ ಪೆಟ್ಟಿಗೆಯೊಳಗೆ ಕೆಲವರು ಮತ್ತೆ ಬೆಂಕಿ ತಂದಿಟ್ಟಿದ್ದಾರೆ. ಅದರ ಹೆಸರು ಗ್ಯಾಸ್ ಗೀಸರ್.

ಗ್ಯಾಸ್ ಗೀಸರ್ ಅಂದರೆ ಹೊಗೆ ಕಾಣದ ಒಲೆ

ಗ್ಯಾಸ್ ಗೀಸರ್ ಜನಪ್ರಿಯ ಆಗಿದ್ದಕ್ಕೆ ಕಾರಣ ಇದೆ. ಬೆಲೆ ಕಡಿಮೆ, ಕರೆಂಟ್ ಹೋದರೂ ಚಿಂತೆ ಇಲ್ಲ, ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು. ನಮ್ಮ ಮಳೆಗಾಲದಲ್ಲಿ ಕರೆಂಟ್ ಕೈಕೊಡುವುದು ಹೊಸದೇನಲ್ಲ.

ಆದರೆ ಆ ತಕ್ಷಣದ ಬಿಸಿಯ ಹಿಂದೆ ಎಷ್ಟು ದೊಡ್ಡ ಉರಿ ಇದೆ ಗೊತ್ತಾ? ನಿಮಿಷಕ್ಕೆ ಆರು ಲೀಟರ್ ಕೊಡುವ ಸಾಮಾನ್ಯ ಗ್ಯಾಸ್ ಗೀಸರ್‌ನ ಶಕ್ತಿ ಸುಮಾರು 10 ಕಿಲೋವ್ಯಾಟ್. ಅಡುಗೆಮನೆಯ ಸ್ಟವ್‌ನ ನಾಲ್ಕೈದು ಬರ್ನರ್‌ಗಳನ್ನು ಒಟ್ಟಿಗೆ ಪೂರ್ತಿ ಉರಿಸಿದ ಹಾಗೆ. ಒಂದು ಕಿಲೋ ಎಲ್‌ಪಿಜಿ ಸರಿಯಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ನಮ್ಮ ಐದಡಿ-ಏಳಡಿ ಬಚ್ಚಲಿನಲ್ಲಿ ಇರುವುದೇ ಒಟ್ಟು 9 ಘನ ಮೀಟರ್. ಬಾಗಿಲು, ಕಿಟಕಿ ಮುಚ್ಚಿ ಕಾಲು ಗಂಟೆ ಷವರ್ ಬಿಟ್ಟರೆ, ಒಳಗಿನ ಗಾಳಿಯ ಕಾಲು ಭಾಗಕ್ಕಿಂತ ಹೆಚ್ಚಿನ ಆಮ್ಲಜನಕವನ್ನು ಆ ಉರಿಯೇ ತಿಂದಿರುತ್ತದೆ. ನೀವು ಉಸಿರಾಡುವುದೂ ಅದೇ ಗಾಳಿಯನ್ನು.

ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಅಜ್ಜಿಯ ಬಚ್ಚಲಿನ ಹೊಗೆ ಕಣ್ಣು ಉರಿಸಿ ನಮ್ಮನ್ನು ಹೊರಗೆ ಓಡಿಸುತ್ತಿತ್ತು, ಇದು ಓಡಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ. ಆಮೇಲೆ ಕಾಲಲ್ಲಿ ಬಲ ಇರುವುದಿಲ್ಲ. ಚಿಲಕ ಎರಡಡಿ ದೂರದಲ್ಲೇ ಇರುತ್ತದೆ, ಕೈ ಮಾತ್ರ ಅಲ್ಲಿಗೆ ಹೋಗುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕತಂಗಿಯರಿಬ್ಬರು ಹೀಗೆಯೇ ಜೀವ ಕಳೆದುಕೊಂಡರು. ಬೆಂಗಳೂರಿನಿಂದಲೂ ಇಂಥ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಬದುಕಿ ಉಳಿದವರಲ್ಲಿ ಕೆಲವರನ್ನು 'ಬಚ್ಚಲಲ್ಲಿ ಫಿಟ್ಸ್ ಬಂತು' ಎಂದು ಆಸ್ಪತ್ರೆಗೆ ಕರೆತರುತ್ತಾರೆ. ನಮ್ಮ ದೇಶದ ನರರೋಗ ತಜ್ಞರು ಇದಕ್ಕೆ 'ಗ್ಯಾಸ್ ಗೀಸರ್ ಸಿಂಡ್ರೋಮ್' ಅಂತಲೇ ಹೆಸರಿಟ್ಟಿದ್ದಾರೆ. ಆದ್ದರಿಂದ ವೈದ್ಯರ ಬಳಿ ಹೋದಾಗ 'ಮನೆಯಲ್ಲಿ ಗ್ಯಾಸ್ ಗೀಸರ್ ಇದೆ' ಎಂಬ ಒಂದು ಮಾತು ಹೇಳಲು ಮರೆಯಬೇಡಿ. ಅದು ಇಡೀ ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಹುದು.

ಮೂವರು ಬಂದರು, ಕಿಟಕಿ ಯಾರೂ ನೋಡಲಿಲ್ಲ

ಇಲ್ಲಿ ತಪ್ಪು ಯಾರದ್ದು? ಗೀಸರ್ ಹಾಕುವ ದಿನ ಏನಾಗುತ್ತದೆ ನೋಡಿ. ಪ್ಲಂಬರ್ ಬಂದು ಪೈಪ್ ಜೋಡಿಸಿ, ಲೀಕ್ ಇಲ್ಲ ಅಂತ ನೋಡಿ ಹೋಗುತ್ತಾರೆ. ಅವರ ಕೆಲಸ ನೀರು. ಇಲೆಕ್ಟ್ರಿಷಿಯನ್ ಪ್ಲಗ್ ಪಾಯಿಂಟ್ ಕೊಡುತ್ತಾರೆ. ಅವರ ಕೆಲಸ ಕರೆಂಟ್. ಸಿಲಿಂಡರ್ ತರುವವರು ರೆಗ್ಯುಲೇಟರ್ ಸಿಕ್ಕಿಸುತ್ತಾರೆ. ಅವರ ಕೆಲಸ ಗ್ಯಾಸ್. ಮೂವರೂ ತಮ್ಮ ತಮ್ಮ ಕೆಲಸ ನಿಯತ್ತಾಗಿಯೇ ಮಾಡಿರುತ್ತಾರೆ. ಆದರೆ ಗಾಳಿ ಯಾರ ಕೆಲಸ? ಅದು ಯಾರ ಪಾಲಿಗೂ ಬರುವುದಿಲ್ಲ.

ಚಳಿ ದೇಶಗಳಲ್ಲಿ ಈ ಪಾಠ ಕಲಿಯಲು ಬಹಳ ಬೆಲೆ ತೆತ್ತಿದ್ದಾರೆ. ಅಲ್ಲಿ ಬಾಯ್ಲರ್ ಇಲ್ಲದೆ ಚಳಿಗಾಲ ಕಳೆಯುವುದೇ ಕಷ್ಟ. ಬ್ರಿಟನ್‌ನಲ್ಲಿ ಗ್ಯಾಸ್ ಬಾಯ್ಲರ್ ಕೂರಿಸುವವರ ಹೆಸರು 'ಗ್ಯಾಸ್ ಸೇಫ್' ಪಟ್ಟಿಯಲ್ಲಿ ಇರಲೇಬೇಕು. ಬಾಡಿಗೆಗೆ ಕೊಟ್ಟ ಮನೆಯಾದರೆ ಮಾಲೀಕರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ಅದರ ಪ್ರತಿಯನ್ನು ಬಾಡಿಗೆದಾರರ ಕೈಗೆ ಕೊಡಬೇಕು. ನೀರು, ಗ್ಯಾಸ್, ಹೊಗೆಯ ಕೊಳವೆ, ಗಾಳಿ ಎಲ್ಲವನ್ನೂ ಒಬ್ಬರೇ ನೋಡಿ ಸಹಿ ಹಾಕುತ್ತಾರೆ. ಇಷ್ಟು ಬಿಗಿ ಯಾಕೆ ಬೇಕು ಎಂಬುದಕ್ಕೆ 2018ರ ಡಿಸೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಗಾಂಗ್‌ನುಂಗ್‌ನಲ್ಲಿ ನಡೆದ ಘಟನೆಯೇ ಸಾಕು. ಪರೀಕ್ಷೆ ಮುಗಿಸಿ ಪ್ರವಾಸಕ್ಕೆ ಬಂದಿದ್ದ ಮೂವರು ವಿದ್ಯಾರ್ಥಿಗಳು ಅತಿಥಿಗೃಹದಲ್ಲಿ ತೀರಿಕೊಂಡರು. ಬಾಯ್ಲರ್‌ನ ಹೊಗೆ ಕೊಳವೆ ಕಳಚಿಕೊಂಡಿತ್ತು.

ನಮ್ಮಲ್ಲಿ ಐಟಿಐಗಳಲ್ಲಿ ಪ್ಲಂಬರ್ ತರಬೇತಿ ಒಂದು ವರ್ಷದ್ದು ಇದೆ. ಆದರೆ ಮನೆಗೆ ಬರುವ ಹೆಚ್ಚಿನವರು ಹಿರಿಯ ಮೇಸ್ತ್ರಿಯ ಜೊತೆ ದುಡಿದೇ ಕಲಿತವರು. ಕೈ ಪಳಗಿದವರು, ಕೆಲಸ ಬಲ್ಲವರು. ಅವರಿಗೆ ನಾವು ಕೊಡುವುದು ಅರ್ಧ ದಿನ, ಹೇಳುವುದು 'ಬೇಗ ಮುಗಿಸಿ' ಎಂಬ ಒಂದೇ ಮಾತು. ಹಾಗಾಗಿ ಗಾಳಿಯ ಪ್ರಶ್ನೆ ಕೇಳುವ ಜವಾಬ್ದಾರಿ ಸದ್ಯಕ್ಕೆ ಮನೆಯವರ ಮೇಲೆಯೇ ಇದೆ.

ಹಾಗಾದರೆ ಏನು ಮಾಡೋಣ?

ಗ್ಯಾಸ್ ಗೀಸರ್ ಇದ್ದರೆ ಅದು ಬಚ್ಚಲಿನ ಹೊರಗೆ, ಯುಟಿಲಿಟಿ ಬಾಲ್ಕನಿಯಂಥ ತೆರೆದ ಜಾಗದಲ್ಲಿ ಇರಲಿ. ಪೈಪ್‌ನಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ. ಪ್ಲಂಬರ್‌ಗೆ ಇದು ಕೆಲವು ಮೀಟರ್ ಪೈಪ್‌ನ ಕೆಲಸ, ಅಷ್ಟೇ. 'ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ' ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಕೆಳಗಿನಿಂದ ಗಾಳಿ ಬರಲು ದಾರಿ ಇಲ್ಲದಿದ್ದರೆ ಆ ಫ್ಯಾನ್ ಹೊಗೆಯನ್ನೇ ವಾಪಸ್ ಎಳೆದುಕೊಳ್ಳಬಹುದು.

ಇನ್ನೊಂದು ವಿಷಯ. ಕೊಚ್ಚಿ-ಮಂಗಳೂರು ಅನಿಲ ಕೊಳವೆ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಈಗ ನಗರದ ಮನೆಗಳಿಗೂ ಪೈಪ್ ಗ್ಯಾಸ್ ಬರುತ್ತಿದೆ. ಎಲ್‌ಪಿಜಿಗೆ ಮಾಡಿದ ಗೀಸರನ್ನು ಹಾಗೆಯೇ ಪೈಪ್ ಗ್ಯಾಸ್‌ಗೆ ಸಿಕ್ಕಿಸಬಾರದು. ಎರಡಕ್ಕೂ ಒತ್ತಡ ಬೇರೆ, ಜೆಟ್ ಬೇರೆ. ಗ್ಯಾಸ್ ಕಂಪನಿಯವರಿಂದಲೇ ಮಾಡಿಸಿ.

ಇಲೆಕ್ಟ್ರಿಕ್ ಗೀಸರ್‌ನಲ್ಲಿ ಹೊಗೆಯ ಚಿಂತೆ ಇಲ್ಲ. 'ಬಿಲ್ ಜಾಸ್ತಿ ಬರುತ್ತೆ' ಅನ್ನುವವರಿಗೆ ಒಂದು ಸಣ್ಣ ಲೆಕ್ಕ. ನಮ್ಮ ಟ್ಯಾಂಕಿನ ನೀರು 27 ಡಿಗ್ರಿ ಇದೆ ಅಂದುಕೊಳ್ಳಿ. ಸ್ನಾನಕ್ಕೆ 40 ಡಿಗ್ರಿ ಸಾಕು. 20 ಲೀಟರಿನ ಒಂದು ಬಕೆಟ್‌ಗೆ ಬೇಕಾಗುವುದು ಸುಮಾರು 0.3 ಯೂನಿಟ್. ಅದೇ 5 ಡಿಗ್ರಿ ನೀರು ಬರುವ ಚಳಿ ಊರಲ್ಲಿ 0.8 ಯೂನಿಟ್ ಬೇಕು. 15 ಲೀಟರಿನ ಗೀಸರನ್ನು 60 ಡಿಗ್ರಿಗೆ ಕಾಯಿಸಿದರೆ, ತಣ್ಣೀರು ಬೆರೆಸಿ ಹೆಚ್ಚುಕಡಿಮೆ ಎರಡು ಬಕೆಟ್ ಸಿಗುತ್ತದೆ. 2 ಕಿಲೋವ್ಯಾಟ್ ಗೀಸರ್‌ಗೆ ಅದು ಇಪ್ಪತ್ತು ನಿಮಿಷದ ಕೆಲಸ. ದಿನವಿಡೀ ಆನ್ ಇಟ್ಟು ಮರೆಯುವುದರಿಂದ ಬಿಲ್ ಏರುತ್ತದೆ, ಸ್ನಾನದಿಂದ ಅಲ್ಲ.

ಕರೆಂಟ್ ವಿಷಯದಲ್ಲಿ ಮೂರು ಸಂಗತಿ ಖಚಿತ ಮಾಡಿಕೊಳ್ಳಿ. ಗೀಸರ್‌ಗೆ 16 ಆಂಪಿಯರ್‌ನ ಪ್ರತ್ಯೇಕ ಪಾಯಿಂಟ್ ಇರಲಿ. ಅರ್ಥಿಂಗ್ ಹೆಸರಿಗೆ ಮಾತ್ರ ಇರದೆ ನಿಜಕ್ಕೂ ಕೆಲಸ ಮಾಡುತ್ತಿರಲಿ. ಮನೆಯ ಬೋರ್ಡ್‌ನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲಿ. ಪಿ.ಜಿ. ರೂಮಿನಲ್ಲಿ ಬಕೆಟ್‌ಗೆ ಹೀಟರ್ ರಾಡ್ ಇಳಿಸುವ ಅಭ್ಯಾಸ ಇದ್ದರೆ, ನೀರು ಮುಟ್ಟುವ ಮೊದಲು ಪ್ಲಗ್ ಕಳಚಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ನಮ್ಮ ನೀರಿಗೆ ತಕ್ಕ ಪೈಪ್

ಬೆಂಗಳೂರಿನ ಬೋರ್‌ವೆಲ್ ನೀರಿನ ಗೀಸರ್ ಬಿಳಿ ಪುಡಿ ಕಟ್ಟಿ ಹಾಳಾಗುತ್ತದೆ. ನಮ್ಮ ಕಥೆ ಉಲ್ಟಾ. ತುಂಬೆಯಿಂದ ಬರುವ ನೇತ್ರಾವತಿ ನೀರು ಮೆದು. ಮುರಕಲ್ಲಿನ ನೆಲದ ಬಾವಿ ನೀರು ಎಷ್ಟೋ ಕಡೆ ಸ್ವಲ್ಪ ಆಮ್ಲೀಯ. ಅದು ಪುಡಿ ಕಟ್ಟುವುದಿಲ್ಲ, ಕಬ್ಬಿಣವನ್ನು ಮೆಲ್ಲಗೆ ತಿನ್ನುತ್ತದೆ. ಹಳೆಯ ಜಿಐ ಪೈಪ್‌ನಿಂದ ಬೆಳಗ್ಗೆ ಮೊದಲು ಕೆಂಪು ನೀರು ಬರುವುದು ಇದರಿಂದಲೇ. ಗೀಸರ್‌ನೊಳಗೆ ಮೆಗ್ನೀಸಿಯಂನ ಒಂದು ಸರಳು ಇರುತ್ತದೆ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಒಂದೆರಡು ವರ್ಷಕ್ಕೊಮ್ಮೆ ಅದನ್ನು ನೋಡಿಸಿದರೆ ಇಡೀ ಗೀಸರ್ ಬದಲಿಸುವ ಖರ್ಚು ಉಳಿಯುತ್ತದೆ.

ಬಿಸಿನೀರಿಗೆ ಸಿಪಿವಿಸಿ ಪೈಪ್ ಹಾಕಿಸಿ. ತಣ್ಣೀರಿನ ಯುಪಿವಿಸಿ ಪೈಪ್ ಬಿಸಿಗೆ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಗೀಸರ್‌ನ ಸೇಫ್ಟಿ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತದೆ ಅಂತ ಅದನ್ನು ಯಾರಾದರೂ ಮುಚ್ಚಲು ಹೊರಟರೆ ಖಂಡಿತ ಬಿಡಬೇಡಿ. ಒಳಗಿನ ಒತ್ತಡ ಹೊರಬರಲು ಇರುವ ದಾರಿ ಅದು. 2019ರ ಬೇಸಿಗೆಯಲ್ಲಿ ತುಂಬೆಯಲ್ಲಿ ನೀರು ಇಳಿದು, ನಗರದಲ್ಲಿ ಸರದಿಯಂತೆ ನೀರು ಬಿಟ್ಟಿದ್ದು ನೆನಪಿರಬಹುದು. ಅಂಥ ದಿನಗಳಲ್ಲಿ ನಲ್ಲಿಯಲ್ಲಿ ನೀರು ಬರುತ್ತಿದೆ ಎಂದು ನೋಡಿಯೇ ಗೀಸರ್ ಸ್ವಿಚ್ ಹಾಕಿ.

ಸೋಲಾರ್ ಬಗ್ಗೆಯೂ ಒಂದು ಮಾತು. ಅಕ್ಟೋಬರ್‌ನಿಂದ ಮೇ ತನಕ ನಮ್ಮ ಬಿಸಿಲು ಪುಕ್ಕಟೆ ಬಿಸಿನೀರು ಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ, ಆಗ ಬ್ಯಾಕಪ್ ಬೇಕೇ ಬೇಕು. ತಾರಸಿಯಿಂದ ಬಚ್ಚಲಿಗೆ 20 ಮೀಟರ್ ಪೈಪ್ ಇದ್ದರೆ ಬಿಸಿ ಬರುವ ಮೊದಲು ಐದು ಲೀಟರ್ ತಣ್ಣೀರು ಹೋಗುತ್ತದೆ. ಅದನ್ನು ಬಕೆಟ್‌ಗೆ ಹಿಡಿಯಿರಿ, ಮೋರಿಗೆ ಬಿಡಬೇಡಿ.

ಯಾರಾದರೂ ಒಳಗೆ ಬಿದ್ದರೆ

ಬಾಗಿಲು ಬಡಿದರೂ ಉತ್ತರ ಇಲ್ಲವೇ? ಯೋಚಿಸುತ್ತ ನಿಲ್ಲಬೇಡಿ. ಬಾಗಿಲು ಒಡೆಯಿರಿ, ಗ್ಯಾಸ್ ಬಂದ್ ಮಾಡಿ, ಅವರನ್ನು ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಫೋನ್ ಮಾಡಿ. ಎಚ್ಚರವಾಗಿ 'ಈಗ ಪರವಾಗಿಲ್ಲ' ಅಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಹೊರಗೆ ಆರಾಮಾಗಿ ಕಂಡರೂ ಮೆದುಳಿಗೆ ಪೆಟ್ಟಾಗಿರಬಹುದು. ಅವರಿಗೆ ಆಮ್ಲಜನಕ ಕೊಡಬೇಕಾಗುತ್ತದೆ.

ದೇರಳಕಟ್ಟೆಯ ಪಿ.ಜಿ. ಇರಲಿ, ಬಿಜೈಯ ಫ್ಲ್ಯಾಟ್ ಇರಲಿ, ಸುರತ್ಕಲ್‌ನ ಬಾಡಿಗೆ ಮನೆ ಇರಲಿ, ಇವತ್ತು ಸಂಜೆ ಮನೆಗೆ ಹೋದಾಗ ಬಚ್ಚಲಿನ ಬಾಗಿಲಲ್ಲಿ ಎರಡು ನಿಮಿಷ ನಿಂತು ನೋಡಿ. ಉರಿ ಎಲ್ಲಿದೆ? ಗಾಳಿ ಎಲ್ಲಿಂದ ಬರುತ್ತದೆ? ಹೊಗೆ ಎಲ್ಲಿಗೆ ಹೋಗುತ್ತದೆ? ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ನಾಳೆಯೇ ಮನೆ ಮಾಲೀಕರಿಗೆ ಒಂದು ಫೋಟೊ ಕಳಿಸಿ, 'ಇದನ್ನು ಹೊರಗೆ ಹಾಕಿಸಿ ಕೊಡಿ' ಎಂದು ಕೇಳಿ. ಅಲ್ಲಿಯ ತನಕ ಬಾಗಿಲು ತೆರೆದಿಟ್ಟೇ ಬಕೆಟ್ ತುಂಬಿಸಿ, ಗ್ಯಾಸ್ ಬಂದ್ ಮಾಡಿ, ಆಮೇಲೆ ಚಿಲಕ ಹಾಕಿ ಸ್ನಾನ ಮಾಡಿ. ಷವರ್ ಸುಖ ಸ್ವಲ್ಪ ದಿನ ತಡವಾದರೂ ಪರವಾಗಿಲ್ಲ.