ಕ್ಲಾರಿಯೋನೆಟ್ ಉಲಿಯದಿದ್ದರೆ ಉಸಿರನ್ನು ಬೈಯಬೇಡಿ

ತೆಂಗಿನ ಗರಿಯನ್ನು ಸುರುಳಿ ಸುತ್ತಿ, ಕಡ್ಡಿ ಚುಚ್ಚಿ, ಪೀಪಿ ಮಾಡಿ ಊದಿದ ಮಕ್ಕಳಿಗೆ ಈ ಲೇಖನದ ಅರ್ಧ ಭಾಗ ಆಗಲೇ ಗೊತ್ತಿದೆ. ಗರಿ ಬಲಿತಿದ್ದರೆ ಎಷ್ಟು ಊದಿದರೂ ಬರೀ ಗಾಳಿ. ತೀರಾ ಎಳೆಯದಾದರೆ ತುಟಿ ಒತ್ತಿದ ಕೂಡಲೇ ಬಾಯಿ ಮುಚ್ಚಿಕೊಂಡು ಮೂಕ. ನಡುವಿನ ಹದದ ಗರಿ ಸಿಕ್ಕರೆ ಮಾತ್ರ ಕೇರಿಗೆಲ್ಲ ಕೇಳುವಂತೆ ಕಿರುಚುತ್ತದೆ. ಮಧ್ಯಾಹ್ನ ಮಲಗಿದ ಹಿರಿಯರು ಎದ್ದು ಬರುವುದೂ ಆವಾಗಲೇ.

ಈ ಪೀಪಿಯ ಶ್ರೀಮಂತ ನೆಂಟನೇ ಕ್ಲಾರಿಯೋನೆಟ್. ಮದುವೆಯ ದಿಬ್ಬಣದಲ್ಲಿ, ಗಣಪತಿ ಬಿಡುವ ದಿನದ ಬ್ಯಾಂಡಿನಲ್ಲಿ ಬೆಳ್ಳಿಯಂಥ ಕೀಲಿಗಳಿರುವ ಉದ್ದನೆಯ ಕಪ್ಪು ವಾದ್ಯ ನೋಡಿದ್ದೀರಲ್ಲ, ಅದೇ. ಸುಮಾರು 1700ರ ಹೊತ್ತಿಗೆ ಜರ್ಮನಿಯ ನ್ಯೂರೆಂಬರ್ಗ್ ಊರಿನ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಎಂಬ ವಾದ್ಯ ತಯಾರಕ ಇದಕ್ಕೆ ರೂಪ ಕೊಟ್ಟ ಎನ್ನುತ್ತಾರೆ. ಬ್ಯಾಂಡಿನ ಜೊತೆ ನಮ್ಮ ದೇಶಕ್ಕೆ ಬಂದ ಮೇಲೆ ಅದು ಬ್ಯಾಂಡಿನಲ್ಲೇ ಉಳಿಯಲಿಲ್ಲ. ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಅದರಲ್ಲಿ ಕರ್ನಾಟಕ ಸಂಗೀತದ ಕಛೇರಿ ಮಾಡಿ ಹೆಸರಾದರು. ನಮ್ಮ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಅದೇ ವಾದ್ಯದಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ಕನ್ನಡದ ಮಕ್ಕಳು ಈ ವಾದ್ಯವನ್ನು ಪರಕೀಯ ಎಂದುಕೊಳ್ಳಬೇಕಾಗಿಲ್ಲ.

ಓಲಗದ ಸನಾದಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಡಾ. ರಾಜ್‌ಕುಮಾರ್ ಅವರ ‘ಸನಾದಿ ಅಪ್ಪಣ್ಣ’ ಸಿನಿಮಾ ನೆನಪಿದೆಯೇ? 1977ರದು. ಅದರಲ್ಲಿ ನಾವು ಕೇಳುವ ಶಹನಾಯಿ ಬಿಸ್ಮಿಲ್ಲಾ ಖಾನರದು. ಶಹನಾಯಿಯ ತುದಿಯ ಪತ್ತಿಯಲ್ಲಿ ಎರಡು ಎಸಳು. ಅವು ಒಂದಕ್ಕೊಂದು ಬಡಿದು ನಾದ ಹುಟ್ಟುತ್ತದೆ. ಕ್ಲಾರಿಯೋನೆಟ್ಟಿನಲ್ಲಿ ಒಂದೇ ಪತ್ತಿ. ಅದಕ್ಕೆ ರೀಡು ಎನ್ನುತ್ತಾರೆ. ಬಡಿಯಲು ಇನ್ನೊಂದು ಎಸಳು ಇಲ್ಲದ್ದರಿಂದ ಅದು ಮೌತ್‌ಪೀಸಿಗೆ ಬಡಿಯುತ್ತದೆ. ಮೌತ್‌ಪೀಸು ಎಂದರೆ ಬಾಯೊಳಗೆ ಇಟ್ಟುಕೊಳ್ಳುವ ಕೊಕ್ಕಿನಾಕಾರದ ತುಂಡು. ಹೆಚ್ಚಾಗಿ ಎಬೊನೈಟ್ ಎಂಬ ಗಟ್ಟಿ ರಬ್ಬರಿನದು. ಅದರ ಹೊಟ್ಟೆಯ ಮೇಲೆ ರೀಡನ್ನಿಟ್ಟು ಲೋಹದ ಪಟ್ಟಿಯಿಂದ ಬಿಗಿಯುತ್ತಾರೆ. ವಾದ್ಯದಿಂದ 440ರ ಶ್ರುತಿ ಹೊರಟಿತೆಂದರೆ ಆ ಪುಟ್ಟ ಪತ್ತಿ ಒಂದು ಸೆಕೆಂಡಿನಲ್ಲಿ 440 ಸಲ ಬಾಗಿಲು ತೆರೆದು ಮುಚ್ಚಿದಂತೆ. ನಿಮ್ಮ ಕಣ್ಣೆವೆಗೆ ಹೇಳಿ ನೋಡಿ, ಆಗುತ್ತದೆಯೇ ಅಂತ.

ಈಗ ವಿಷಯಕ್ಕೆ ಬರುತ್ತೇನೆ. ರೀಡುಗಳು ಸಾಮಾನ್ಯವಾಗಿ ಹತ್ತರ ಡಬ್ಬಿಯಲ್ಲಿ ಬರುತ್ತವೆ. ಡಬ್ಬಿಯ ಮೇಲೆ 2, 2½, 3, 3½ ಎಂದು ಒಂದು ಅಂಕಿ. ಅಂಕಿ ಏರಿದಷ್ಟೂ ರೀಡು ಬಿರುಸು. ಇದು ದಪ್ಪದ ಅಳತೆ ಎಂದು ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಒಂದೇ ಮಾದರಿಯ 2 ಮತ್ತು 3ನೇ ನಂಬರಿನ ರೀಡುಗಳನ್ನು ಕೆತ್ತುವುದು ಒಂದೇ ಆಕಾರಕ್ಕೆ. ಕೆತ್ತಿದ ಮೇಲೆ ಯಂತ್ರದಲ್ಲಿ ಬಾಗಿಸಿ, ಸುಲಭವಾಗಿ ಬಾಗಿದ್ದನ್ನು ಕಡಿಮೆ ನಂಬರಿನ ಡಬ್ಬಿಗೆ, ಹಟ ಮಾಡಿದ್ದನ್ನು ಹೆಚ್ಚಿನ ನಂಬರಿಗೆ ಹಾಕುತ್ತಾರೆ. ಒಂದು ಕಂಪನಿಯ 2½ ಇನ್ನೊಂದರ 2½ಕ್ಕೆ ಸಮ ಎಂಬ ಖಾತ್ರಿಯೂ ಇಲ್ಲ.

ನನ್ನ ಮೊಮ್ಮಗಳಿಗೆ ಹನ್ನೆರಡು ವರ್ಷ. ಬಂಧುವೊಬ್ಬರು ತಮ್ಮ ಹಳೆಯ ಕ್ಲಾರಿಯೋನೆಟ್ಟನ್ನು ಅವಳಿಗೆ ಕೊಟ್ಟರು. ರೀಡು ತರಲು ಪೇಟೆಗೆ ಹೋದಾಗ ಅಂಗಡಿಯವ “ದೊಡ್ಡ ನಂಬರು, ಒಳ್ಳೆ ಮಾಲು” ಎಂದು 3½ರ ಡಬ್ಬಿ ಕೊಟ್ಟ. ಮನೆಗೆ ಬಂದು ಊದಿದಳು. ಸ್ವರಕ್ಕಿಂತ ಸುಯ್ ಎಂಬ ಗಾಳಿಯೇ ಹೆಚ್ಚು. ಹತ್ತು ನಿಮಿಷಕ್ಕೆ ಕೆಳತುಟಿಯಲ್ಲಿ ಹಲ್ಲಿನ ಗುರುತು. ಬಂದವರೆಲ್ಲ ಒಂದೊಂದು ಮಾತು: ಹುಡುಗಿಗೆ ದಮ್ಮಿಲ್ಲ, ಇದು ಗಂಡಸರ ವಾದ್ಯ, ಹಾರ್ಮೋನಿಯಂ ಕಲಿಸಿ. ತಿಂಗಳೊಳಗೆ ವಾದ್ಯ ಪೆಟ್ಟಿಗೆ ಸೇರಿತು. “ಅಜ್ಜಾ, ನನ್ನ ಎದೆ ಸಣ್ಣದಂತೆ” ಎಂದಳು. ನನಗೆ ಅದು ಸರಿ ಕಾಣಲಿಲ್ಲ. ಕೂಗಿ ಕರೆದರೆ ಹಿತ್ತಿಲಾಚೆಯ ದನ ತಿರುಗಿ ನೋಡುವಷ್ಟು ಗಂಟಲು ಅವಳದು.

ಹಳಿಯಾಳ ಕಡೆಯ ಹಿರಿಯ ಬ್ಯಾಂಡ್ ವಾದಕರೊಬ್ಬರು ಮದುವೆಯ ಸೀಜನ್ನಿನಲ್ಲಿ ನಮ್ಮ ಕಡೆ ಬಂದಿದ್ದಾಗ ವಾದ್ಯ ತೋರಿಸಿದೆ. ಅವರು ಊದಲೇ ಇಲ್ಲ. ಮೌತ್‌ಪೀಸನ್ನು ಬಿಚ್ಚಿ, ರೀಡು ಇಟ್ಟು, ಬೆಳಕಿಗೆ ಅಡ್ಡ ಹಿಡಿದು ಪಕ್ಕದಿಂದ ನೋಡಿದರು. “ಸಾಹೇಬ್ರ, ಹುಡುಗೀದು ಏನೂ ತಪ್ಪಿಲ್ರಿ. ಬಾಯಿ ಅಗಲ ಐತಿ, ಪತ್ತಿ ಬಿರುಸೈತಿ. ಎರಡೂ ಕೂಡಿದ್ರ ಪೈಲ್ವಾನನೂ ಊದಂಗಿಲ್ಲ” ಎಂದರು. ತಮ್ಮ ಚೀಲದಿಂದ 2ನೇ ನಂಬರಿನ ಹೊಸ ರೀಡೊಂದನ್ನು ತೆಗೆದು ಕಟ್ಟಿಕೊಟ್ಟು, “ಊದು ತಂಗಿ” ಎಂದರು. ಊದಿದಳು. ಒಳಗಿದ್ದವರು ಯಾರು ಬಂದರೆಂದು ಹೊರಗೆ ಬಂದರು.

ಅವರು ಹೇಳಿದ ‘ಬಾಯಿ’ ಎಂದರೆ ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ನಡುವಿನ ಸಂದು. ಮೌತ್‌ಪೀಸಿನ ಹೊಟ್ಟೆ ಸಮತಟ್ಟಾಗಿ ಹೋಗಿ ತುದಿಯ ಹತ್ತಿರ ನಿಧಾನವಾಗಿ ಹಿಂದಕ್ಕೆ ಬಾಗುತ್ತದೆ; ಹಾಗಾಗಿ ಸಂದು. ಊದಿದಾಗ ರೀಡು ಈ ಸಂದನ್ನು ದಾಟಿ ಬಾಗಬೇಕು. ಸಂದು ಅಗಲವಾದರೆ ಹೆಚ್ಚು ಬಾಗಬೇಕು, ಆದ್ದರಿಂದ ಮೆತ್ತನೆಯ ರೀಡು ಬೇಕು. ಸಂದು ಕಿರಿದಾದರೆ ಸ್ವಲ್ಪ ಬಾಗಿದರೆ ಸಾಕು. ಅಲ್ಲಿ ಮೆತ್ತನೆಯದು ಹಾಕಿದರೆ ತೆಂಗಿನ ಗರಿಯಂತೆ ಮುಚ್ಚಿಕೊಂಡು ಬಿಡುತ್ತದೆ, ಬಿರುಸಿನದೇ ಸರಿ. ಬಾಗು ಎಲ್ಲಿಂದ ಶುರುವಾಗುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ರೀಡು ಮತ್ತು ಮೌತ್‌ಪೀಸಿನ ನಡುವೆ ತೆಳು ಕಾಗದವನ್ನು ತುದಿಯಿಂದ ತೂರಿಸಿ. ಅದು ನಿಂತಲ್ಲಿ ಬಾಗಿನ ಆರಂಭ.

ಈ ಸಂದು ಎಷ್ಟಿರುತ್ತದೆ ಗೊತ್ತೇ? ಬ್ಯಾಂಕಿನವನಾದ್ದರಿಂದ ಬ್ಯಾಂಕಿನ ಅಳತೆಗೋಲಿನಲ್ಲೇ ಹೇಳುತ್ತೇನೆ. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಕಲಿಯುವವರಿಗೆ ಹೆಚ್ಚಾಗಿ ಕೊಡುವ ಯಮಹಾ 4ಸಿ ಮೌತ್‌ಪೀಸಿನ ಸಂದು 1.05 ಮಿ.ಮೀ. ಫ್ರಾನ್ಸಿನ ವ್ಯಾಂಡೋರೆನ್ ಕಂಪನಿಯ ಬಿ45 ಎಂಬ ಹೆಸರುವಾಸಿ ಮೌತ್‌ಪೀಸಿನದು 1.195. ಎರಡರ ನಡುವಿನ ವ್ಯತ್ಯಾಸ ಕಾರ್ಡಿನ ದಪ್ಪದ ಐದನೇ ಒಂದು ಪಾಲೂ ಇಲ್ಲ. ಅಷ್ಟಕ್ಕೇ ರೀಡಿನ ನಂಬರು ಬದಲಿಸಬೇಕಾಗುತ್ತದೆ! ಅಸಲು ಎಷ್ಟೆಂದು ಹೇಳದೆ ಬರೀ ಬಡ್ಡಿ ದರ ಹೇಳಿದರೆ ಯಾವ ಗುಮಾಸ್ತನೂ ಬಡ್ಡಿ ಲೆಕ್ಕ ಹಾಕಲಾರ. ಮೌತ್‌ಪೀಸು ಯಾವುದೆಂದು ಕೇಳದೆ ರೀಡು ಕೊಡುವುದೂ ಹಾಗೆಯೇ.

ಹೊಸದಾಗಿ ಕಲಿಯುವ ಮಗುವಿಗೆ 2 ಅಥವಾ 2½ರಿಂದ ಶುರು ಮಾಡಿಸುವುದು ವಾಡಿಕೆ. ಬರೀ ಗಾಳಿ ಸೋರಿ ತುಟಿ ಬೇಗ ಸೋಲುತ್ತಿದ್ದರೆ ರೀಡು ಬಿರುಸಾಯಿತು. ಸ್ವರ ಜೇನು ಗುಂಯ್‌ಗುಟ್ಟಿದಂತೆ ತೆಳುವಾಗಿ, ಮೇಲಿನ ಸ್ವರಗಳು ಶ್ರುತಿ ಇಳಿದು, ಜೋರಾಗಿ ಊದಿದ ಕೂಡಲೇ ನಿಂತುಹೋಗುತ್ತಿದ್ದರೆ ಮೆತ್ತಗಾಯಿತು. ಅರ್ಧರ್ಧ ನಂಬರು ಮಾತ್ರ ಏರಿಸಿ ಇಳಿಸಿ ನೋಡಬೇಕು. ಅದಕ್ಕೂ ಮೊದಲು ಒಂದು ಖರ್ಚಿಲ್ಲದ ಉಪಾಯವಿದೆ: ರೀಡನ್ನು ಕೂದಲೆಳೆಯಷ್ಟು ಮೇಲೆ ಸರಿಸಿ ಕಟ್ಟಿದರೆ ತುಸು ಬಿರುಸಾಗುತ್ತದೆ, ಕೆಳಗೆ ಸರಿಸಿದರೆ ತುಸು ಮೆತ್ತಗಾಗುತ್ತದೆ. “ನೀನಿನ್ನೂ ಎರಡರಲ್ಲೇ ಇದ್ದೀಯಾ, ನಾನು ಮೂರಕ್ಕೆ ಹೋದೆ” ಎಂದು ಮಕ್ಕಳು ಜಂಬ ಕೊಚ್ಚುವುದುಂಟು. ರೀಡಿನ ನಂಬರೇನು ಶಾಲೆಯ ಇಯತ್ತೆಯೇ, ವರ್ಷಕ್ಕೊಂದು ಪಾಸಾಗಲು? ಅಗಲ ಸಂದಿನ ಮೌತ್‌ಪೀಸಿನಲ್ಲಿ ಮೆತ್ತನೆಯ ರೀಡು ಇಟ್ಟುಕೊಂಡೇ ಸೊಗಸಾಗಿ ನುಡಿಸುವ ಅನುಭವಿಗಳಿದ್ದಾರೆ. ಸ್ವರವನ್ನು ಎಳೆದು ಬಾಗಿಸಿ ಮೀಂಡಿನಂತೆ ಜಾರಿಸಲು ಮೆತ್ತನೆಯದು ಹೆಚ್ಚು ಮಾತು ಕೇಳುತ್ತದೆ.

ರೀಡು ಮಾಡುವುದು ಬಿದಿರಿನಿಂದಲೇ ಎಂದು ನನ್ನನ್ನು ಕೇಳಿದವರಿದ್ದಾರೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಹೊತ್ತು ಹೋಗುವ ಲಾರಿಗಳನ್ನು ನೋಡುತ್ತ ಬೆಳೆದ ನಮಗೆ ಆ ಪ್ರಶ್ನೆ ಸಹಜ. ಅಲ್ಲ, ಅದು ಬಿದಿರಿನ ಹಾಗೆಯೇ ಹುಲ್ಲಿನ ಕುಟುಂಬಕ್ಕೆ ಸೇರಿದ, ನೀರಿನಂಚಿನಲ್ಲಿ ಆಳೆತ್ತರ ಮೀರಿ ಬೆಳೆಯುವ ಒಂದು ಜೊಂಡು. ಅರುಂಡೊ ಡೊನಾಕ್ಸ್ ಎಂಬುದು ಅದರ ಶಾಸ್ತ್ರೀಯ ಹೆಸರು. ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತ್ಯದ ಜೊಂಡಿಗೆ ಹೆಸರು ಜಾಸ್ತಿ. ಕಡಿದು, ಬಿಸಿಲಿಗೆ ಒಣಗಿಸಿ, ಹದ ಬಂದ ಮೇಲೆಯೇ ಸೀಳುತ್ತಾರೆ.

ಹುಲ್ಲಾದ್ದರಿಂದ ಅದಕ್ಕೆ ಮಳೆಗಾಲದ ಕಾಟ ತಪ್ಪಿದ್ದಲ್ಲ. ಕ್ಯಾಸಲ್‌ರಾಕ್, ಜೋಯಿಡಾ, ಗಣೇಶಗುಡಿ ಕಡೆಯ ಮಳೆ ಗೊತ್ತಲ್ಲ; ಆಷಾಢದಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು. ಒದ್ದೆ ರೀಡನ್ನು ಮೌತ್‌ಪೀಸಿಗೆ ಕಟ್ಟಿಯೇ ಪೆಟ್ಟಿಗೆ ಮುಚ್ಚಿದರೆ ಅದಕ್ಕೂ ಬೂಷ್ಟೇ. ಬೂಷ್ಟು ಹಿಡಿದದ್ದನ್ನು ಬಾಯಿಗಿಡದೆ ಎಸೆದುಬಿಡಿ. ಊದಿದ ಮೇಲೆ ಬಿಚ್ಚಿ, ಒರೆಸಿ, ಚಪ್ಪಟೆ ಗಾಜಿನ ಮೇಲೆ ಆರಲು ಬಿಡಿ, ಆಮೇಲೆ ಗಾಳಿಯಾಡುವ ಡಬ್ಬಿಗೆ. ಒಂದನ್ನೇ ಸವೆಸದೆ ಮೂರು ನಾಲ್ಕನ್ನು ಸರದಿಯಂತೆ ಬಳಸಿ. ಮಾರ್ಚ್ ತಿಂಗಳ ಒಣ ಹವೆಯಲ್ಲಿ ಇದೇ ರೀಡು ತುದಿ ನೆರಿಗೆಗಟ್ಟಿ ಬಿರುಸಾದಂತೆ ಅನಿಸುತ್ತದೆ. ಊದುವ ಮುನ್ನ ಒಂದು ನಿಮಿಷ ಶುದ್ಧ ನೀರಿನಲ್ಲಿ ನೆನೆಸಿ. ಇನ್ನೊಬ್ಬರು ಊದಿದ ರೀಡನ್ನು ಮಾತ್ರ ಬಾಯಿಗಿಡಬೇಡಿ. ಕೆನಡಾದ ಲೆಜೇರ್‌ನಂಥ ಕಂಪನಿಗಳು ಪ್ಲಾಸ್ಟಿಕ್ ಜಾತಿಯ ರೀಡನ್ನೂ ಮಾಡುತ್ತವೆ. ಅದಕ್ಕೆ ಮಳೆಯ ಚಿಂತೆ ಇಲ್ಲ. ಬೆಲೆ ಮಾತ್ರ ಜೊಂಡಿನದಕ್ಕಿಂತ ಬಹಳ ಹೆಚ್ಚು.

ಹತ್ತರ ಡಬ್ಬಿಯಲ್ಲಿ ಹತ್ತೂ ಒಂದೇ ಥರ ಉಲಿಯುವುದಿಲ್ಲ. ಅದಕ್ಕಾಗಿ ಮೊಮ್ಮಗಳಿಗೆ ಒಂದು ಹಳೆಯ ರಿಜಿಸ್ಟರು ಕೊಟ್ಟು ಗೆರೆ ಹಾಕಿಸಿದ್ದೇನೆ. ರೀಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಕ್ರಮಸಂಖ್ಯೆ. ಪುಸ್ತಕದಲ್ಲಿ ತಾರೀಖು, ನಂಬರು, ಮೇಲಿನ ಸ್ವರ, ಕೆಳಗಿನ ಸ್ವರ, ಷರಾ. ಕಳೆದ ವಾರ ನಾಲ್ಕನೇ ರೀಡಿನ ಎದುರು ಅವಳು ಬರೆದ ಷರಾ: “ಬೆಳಿಗ್ಗೆ ಗುಣವಂತ, ಸಂಜೆ ಮಳೆ ಬಂದ ಮೇಲೆ ಸೋಮಾರಿ.”